ಒಂದು ರಿಂಗ್ ಬಂದರೆ ಮೋಟರ್ ಹಾಕು

ಫೆಬ್ರವರಿ 6, ಸೋಮವಾರ

ಬಿಕ್ಕೋಡಿನ ಎಸ್ಟೇಟಿನಿಂದ ಬಂದ ಸ್ಟಾರ್ಟರ್ ಡಬ್ಬ ಬೆಳಿಗ್ಗೆಯೆಲ್ಲ ಮಾತಾಡಲಿಲ್ಲ. ಒಳಗಿನ ಮೋಡೆಮ್ಮಿಗೆ ವೈರ್ ಚುಚ್ಚಿ, ಕಂಪ್ಯೂಟರಿನ ಕಪ್ಪು ಪರದೆಯಲ್ಲಿ AT ಒತ್ತಿದೆ. ಜೀವ ಇದ್ದರೆ OK ಅನ್ನಬೇಕು. ಅನ್ನಲಿಲ್ಲ. ಸ್ಪೀಡ್ ಬದಲಿಸಿದೆ — ಬರೀ ಚೌಕ ಚೌಕ ಬಂತು. ಇನ್ನೊಮ್ಮೆ ಬದಲಿಸಿದೆ. OK. ಸತ್ತಿಲ್ಲ. ಆಂಟೆನಾ ಮಾತ್ರ ಹೋಗಿದೆ.

ಮಾವನಿಗೆ ಹೇಳಿದೆ. ಹೇಳಿದೆ ಅಂದರೆ, ಮುರಿದ ಆಂಟೆನಾ ಎತ್ತಿ ತೋರಿಸಿದೆ. “ನಿನ್ನ ಬಾಯ್ಗೂ ಒಂದು ಸ್ಟಾರ್ಟರ್ ಕೂರುಸ್ಬೇಕು ಕಣೆ ಮಂಜುಳಾ” ಅಂದರು. ಕಟ್ಟೆಯ ಮೇಲೆ ಕೂತಿದ್ದ ಗಿರಾಕಿಗಳು ನಕ್ಕರು. ಒಳಗೆ ಬಂದುಬಿಟ್ಟೆ.

ಐದನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಮಾವನ ಮೋಟರ್ ವೈಂಡಿಂಗ್ ಅಂಗಡಿಗೆ ಬಂದಾಗ ತಾಮ್ರದ ತಂತಿ ಸುತ್ತುವುದೊಂದೇ ಕೆಲಸ. ಈಗ ಎಲ್ಲರ ತೋಟದಲ್ಲೂ ಮೊಬೈಲ್ ಸ್ಟಾರ್ಟರ್. ಮನೆಯಿಂದಲೇ ಫೋನ್ ಮಾಡಿದರೆ ಬೋರಿನ ಮೋಟರ್ ಹತ್ತುತ್ತದೆ. ಕೆಟ್ಟರೆ ಇಲ್ಲಿಗೆ ತರುತ್ತಾರೆ. ಇದರ ಜೊತೆ ಮಾತು ಸುಲಭ. ನಾನು ಒಂದು ಸಾಲು, ಅದು ಒಂದು ಸಾಲು. ತಪ್ಪಿದರೆ ERROR ಅನ್ನುತ್ತದೆ. ನಗುವುದಿಲ್ಲ.

ಫೆಬ್ರವರಿ 9, ಗುರುವಾರ

ಅಂಗಡಿಗೇ ಒಂದು ಮೋಡೆಮ್ ಬಂತು. ಹಳೆಯದು. ಮಾವ ಬೆಂಗಳೂರಿನ ಗುಜರಿಯಿಂದ ತಂದರು, ಅಂಗಡಿಯ ಹಳೆಯ ಸಿಮ್ಮನ್ನೇ ಹಾಕಿಕೊಟ್ಟರು. ಇಲ್ಲಿ ಕೂತೇ ತೋಟದ ಡಬ್ಬಗಳಿಗೆ ಫೋನ್ ಮಾಡಿ ಟೆಸ್ಟ್ ಮಾಡಬಹುದು. ಪ್ರತಿ ಡಬ್ಬದಲ್ಲೂ ಒಂದನೇ ಜಾಗಕ್ಕೆ ಅಂಗಡಿಯ ನಂಬರು ಮಾವ ಮೊದಲೇ ಬರೆದಿರುತ್ತಾರೆ, ಆಮೇಲೆ ತೋಟದವರದು. ಬರೆದ ನಂಬರಿನಿಂದ ಫೋನ್ ಹೋದರೆ ಮಾತ್ರ ಡಬ್ಬ ಕೇಳುತ್ತದೆ. ಬೇರೆಯವರು ಎಷ್ಟು ಮಾಡಿದರೂ ಇಲ್ಲ.

ಮಧ್ಯಾಹ್ನ ಹೊಂದಿಸಿದೆ. ATS0=0 — ಯಾರು ಮಾಡಿದರೂ ತಾನಾಗಿ ಎತ್ತಬೇಡ. AT+CLIP=1 — ಯಾರು ಮಾಡಿದ್ದು, ನಂಬರು ತೋರಿಸು. ಕೊನೆಗೆ AT&W. ಅದು ಹಾಕದಿದ್ದರೆ ಕರೆಂಟ್ ಹೋದಾಗ ಹೇಳಿಕೊಟ್ಟದ್ದೆಲ್ಲ ಮರೆತುಬಿಡುತ್ತದೆ.

ಹಿಂದುಗಡೆ ಮಾತಾಡುವ ಹ್ಯಾಂಡ್‌ಸೆಟ್ ಚುಚ್ಚಲು ಒಂದು ತೂತು. ಮಾವ ಅದನ್ನೂ ಹುಡುಕಿ ತಂದಿದ್ದಾರೆ. ಗಿರಾಕಿ ಫೋನ್ ಮಾಡಿದರೆ ATA ಹೊಡೆದು ಎತ್ತು, ಮಾತಾಡು ಅಂದರು. ಹ್ಯಾಂಡ್‌ಸೆಟ್ ಡ್ರಾಯರಿಗೆ ಹಾಕಿದೆ. ಯಾರಾದರೂ ಮಾಡಿದರೆ ಪರದೆಯಲ್ಲಿ RING ಎಂದು ಬರುತ್ತದೆ. ನೋಡುತ್ತೇನೆ. ನಿಲ್ಲುತ್ತದೆ.

ಫೆಬ್ರವರಿ 21, ಮಂಗಳವಾರ

ಜಾವಗಲ್ ಹತ್ತಿರದ ತೋಟದ ಇಂದ್ರೇಶ್ ಡಬ್ಬ ಬಿಚ್ಚಿ ತಂದಿದ್ದರು. ಕೆಟ್ಟಿರಲಿಲ್ಲ. ಒಂದು ನಂಬರು ತೆಗೆಯಬೇಕಂತೆ.

ಪಟ್ಟಿ ಕೇಳಿದೆ, ತೋರಿಸಿತು. ಒಂದು ಅಂಗಡಿ. ಎರಡು ಉಷಾರಾಣಿ. ಮೂರು ಇಂದ್ರೇಶ್. “ಎರಡನೇದು ತೆಗಿಯಮ್ಮ” ಅಂದರು. ಮಾವ ಯಾರದು ಅಂತ ಕೇಳಿದರು. ತೀರಿಹೋದ ತಮ್ಮನ ಹೆಂಡತಿಯದಂತೆ. “ತಮ್ಮ ಇದ್ದಾಗ ಇರ್ಲಿ ಅಂತ ಬರ್ಸಿದ್ದು. ಈಗ ಆಯಮ್ಮಂಗ್ಯಾಕೆ ಮೋಟ್ರು, ತಿಮ್ಮಣ್ಣ? ಬೇಕಾದಾಗ ನಾನ್ ಬಿಡ್ತೀನಿ ನೀರ.” ಮಾವ ತೆಗಿ ಎಂದು ಕೈ ಮಾಡಿದರು. ಡಬ್ಬ ಅವರದು.

AT+CPBW=2. ಆಮೇಲೆ ಏನೂ ಬರೆಯದೆ ಎಂಟರ್. ಅಷ್ಟೇ. OK ಎಂದಿತು.

ಅಳಿಸಿದ ನಂಬರು ಮಾತ್ರ ತಲೆಯಲ್ಲೇ ಉಳಿದಿದೆ. ಯಾಕೋ.

ಮಾರ್ಚ್ 3, ಶುಕ್ರವಾರ

ಮಾವ ಬೇಲೂರಿಗೆ ಹೋಗಿದ್ದರು, ಬೋರಿಗೆ ಮೋಟರ್ ಇಳಿಸಲು. ಒಬ್ಬಳೇ ಇದ್ದೆ. ಆಕೆ ಬಂದಳು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು ಮುಖ ಕೆಂಪಗಾಗಿತ್ತು. ಹೆಸರು ಹೇಳಿದ ಕೂಡಲೇ ಗೊತ್ತಾಯಿತು. ಉಷಾರಾಣಿ.

ತನ್ನ ಫೋನಿಗೆ ಮೋಟರ್ ಹತ್ತುತ್ತಿಲ್ಲ, ಸಿಮ್ಮಿನ ತೊಂದರೆಯೋ ಏನೋ, ನೋಡು ಅಂದಳು. ನಾನು ಬೆರಳು ನೋಡುತ್ತಾ ನಿಂತೆ. ಆಕೆಗೆ ಅಷ್ಟರಲ್ಲೇ ಅರ್ಥವಾಯಿತು.

“ತೆಗ್ಸವ್ರಾ?”

ತಲೆಯಾಡಿಸಿದೆ.

ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ತೋಟ ಎರಡು ಪಾಲು, ಬೋರು ಒಂದೇ. ಈಕೆಯ ಪಾಲಿಗೆ ನೀರು ತಿರುಗಿಸಲು ಬೇರೆ ಗೇಟ್‌ವಾಲ್ ಇದೆ. ಗಂಡ ಸಾಯುವ ಮುಂಚೆ ನೆಟ್ಟ ತೆಂಗಿನ ಸಸಿ ಅಲ್ಲೇ ಇರುವುದು. ಮೈದಾನದಂಥ ಜಾಗ, ನೆರಳಿಲ್ಲ. ಬಾವ ತನ್ನ ಕಡೆ ಹಾಯಿಸಿಕೊಂಡು ಮೋಟರ್ ನಿಲ್ಲಿಸುತ್ತಾರೆ, ಕೇಳಿದರೆ ಕರೆಂಟ್ ಹೋಯಿತು ಅನ್ನುತ್ತಾರೆ. “ಸಸಿ ಒಣಗಿದ್ರೆ ನಾಲ್ಕು ಜನನ್ನ ಕೂರಿಸ್ತಾರೆ ಕಣಮ್ಮ. ಹೆಂಗಸು, ತೋಟ ಮಾಡಕ್ಕಾಗಲ್ಲ, ನಾನೇ ನೋಡ್ಕತೀನಿ ಅಂತ ನನ್ ಪಾಲು ಬರ್ಸ್ಕತಾರೆ. ಆಮೇಲೆ ನಾನು ಹಳೇಬೀಡಿಗೆ, ತವರಿಗೆ ಹೋಗಿ ಪಾತ್ರೆ ತೊಳೀಬೇಕು.”

ನಂಬರು ಮತ್ತೆ ಬರೆಯೋಣವೆಂದರೆ ಡಬ್ಬ ತೋಟದಲ್ಲಿದೆ.

ಒಂದನೇ ಜಾಗದಲ್ಲಿ ಅಂಗಡಿಯ ನಂಬರು ಇದೆ. ಅದು ತಲೆಗೆ ಬಂತು. ಕೈಲಿದ್ದ ವೈರ್ ಸುತ್ತಿದೆ, ಬಿಚ್ಚಿದೆ. ಕೊನೆಗೆ ಹೇಳಿದೆ. “ನಿಮ್ಮ ಬಾವ ತೋಟದಲ್ಲಿ ಇಲ್ಲದಾಗ ಈ ನಂಬರಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಅಕ್ಕ. ನಾನು ಇಲ್ಲಿಂದ ಹಾಕ್ತೀನಿ.”

ಗಿರಾಕಿಯೊಬ್ಬರಿಗೆ ಇಷ್ಟುದ್ದ ಮಾತು ಹೇಳಿದ್ದು ಇದೇ ಮೊದಲು.

ಮಾರ್ಚ್ 7, ಮಂಗಳವಾರ

ಕೊಬ್ಬರಿ ಹರಾಜಿಗೆ ಇಂದ್ರೇಶ್ ಅರಸೀಕೆರೆಗೆ ಬಂದಿರಬೇಕು. RING. ಆಕೆಯ ನಂಬರು. ಒಂದೇ ಸಲ ಬಂದು ನಿಂತಿತು. ATD ಹೊಡೆದು ತೋಟದ ಡಬ್ಬದ ನಂಬರು ಒತ್ತಿದೆ. BUSY ಬಂತು. ಡಬ್ಬ ನನ್ನ ಕರೆ ಕಟ್ ಮಾಡಿತು ಅಂದರೆ ಮೋಟರ್ ಹತ್ತಿತು ಅಂತ. ಎರಡು ಗಂಟೆ ಓಡಿ ತಾನಾಗಿ ನಿಲ್ಲುತ್ತದೆ.

ಇಲ್ಲಿ ಬೆರಳು ಒತ್ತಿದೆ. ಅಲ್ಲಿ ಸಸಿಯ ಬುಡಕ್ಕೆ ನೀರು ಹೋಗುತ್ತಿದೆ. ನಾನು ಆ ತೋಟ ನೋಡಿಯೇ ಇಲ್ಲ.

ಮಾರ್ಚ್ 10

RING. ತೋಟದಲ್ಲಿ ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದಾಗ ಡಬ್ಬ ಏನೂ ಮಾಡುವುದಿಲ್ಲ, NO ANSWER ಬರುತ್ತದೆ. ಬರುವ ತನಕ ಮತ್ತೆ ಮತ್ತೆ ಹಾಕಿದೆ. ಊಟದ ಹೊತ್ತಿಗೆ ಹತ್ತಿತು. ಇನ್ನು ಮೇಲೆ ಹಾಗೇ. ಆಕೆ ಒಂದೇ ಸಲ ಕೊಟ್ಟರೆ ಸಾಕು, ಹತ್ತುವ ತನಕ ನಾನು ನೋಡಿಕೊಳ್ಳುತ್ತೇನೆ.

ಮಾವನಿಗೆ ಹೇಳಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ. ಗಿರಾಕಿಯ ಮನೆ ವಿಷಯ ಅನ್ನುತ್ತಾರೆ.

ಮಾರ್ಚ್ 24, ಶುಕ್ರವಾರ

ಉಷಕ್ಕ ಬಂದಿದ್ದಳು. ಯುಗಾದಿಗೆ ತವರಿನಿಂದ ಬಂದ ಒಬ್ಬಟ್ಟು ತಂದಿದ್ದಳು. ಮಾವ ಎದುರಿಗಿದ್ದರು, ಯಾವುದೋ ಸ್ವಿಚ್ ಕೊಳ್ಳುವ ನೆಪ ಮಾಡಿದಳು. ಹೋಗುವಾಗ ಮೆಲ್ಲಗೆ — ಸಸಿ ಹೊಸ ಸುಳಿ ಬಿಟ್ಟಿವೆ, ಬಾವನಿಗೆ ತಲೆಕೆಟ್ಟುಹೋಗಿದೆ, ಅಂತರ್ಜಲ ಮೇಲೆ ಬಂದಿರಬೇಕು ಅಂತ ಊರಲ್ಲೆಲ್ಲ ಹೇಳುತ್ತಿದ್ದಾರೆ. ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ನಗು ಬಂತು.

“ಒಂದ್ಸಲನಾದ್ರೂ ಎತ್ತಿ ಹಲೋ ಅನ್ನಮ್ಮ. ಆ ಕಡೆ ಇರೋದು ಮನುಷ್ಯರೋ ಮಿಷಿನ್ನೋ ಗೊತ್ತಾಗ್ಲಿ.”

ಡ್ರಾಯರಿನಲ್ಲಿ ಹ್ಯಾಂಡ್‌ಸೆಟ್ ಇದೆ. ಆಮೇಲೆ ನೋಡೋಣ.

ಏಪ್ರಿಲ್ 11, ಮಂಗಳವಾರ, ಹತ್ತೂವರೆ

RING. ಒಂದು ಸಲ. ಉಷಕ್ಕ. ATD — NO ANSWER. ಕರೆಂಟ್ ಇಲ್ಲ. ಮಧ್ಯೆ ಮಧ್ಯೆ ನೋಡುತ್ತಿರಬೇಕು.

ಹನ್ನೊಂದೂವರೆ

ಇನ್ನೂ NO ANSWER. ಈಗ ಆಕೆಯ ನಂಬರಿನಿಂದ ಮತ್ತೆ RING. RING. RING. ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಯಾವತ್ತೂ ಹೀಗೆ ಮಾಡಿದವಳಲ್ಲ. ಬಿಸಿಲು ಹಾಗಿದೆ, ಸಸಿ ಬಾಡಿರಬೇಕು, ಅವಸರ ಮಾಡುತ್ತಿದ್ದಾಳೆ. ಎತ್ತಿ, ಕರೆಂಟ್ ಇಲ್ಲ ಅಕ್ಕ ಅನ್ನೋಣವೆಂದು ಡ್ರಾಯರ್ ತೆಗೆದೆ. ಮುಂದುಗಡೆ ಇಬ್ಬರು ಗಿರಾಕಿ ಕೂತಿದ್ದಾರೆ. ಅವರಿಗೆ ಕೇಳಿಸುತ್ತದೆ. ಮುಚ್ಚಿದೆ.

RING ನಿಂತ ಬಿಡುವಿನಲ್ಲಿ ATD ಹಾಕಿದೆ. BUSY. ಹತ್ತಿತು, ಸದ್ಯ.

ಆಮೇಲೆ RING ಬರಲಿಲ್ಲ.

ಅದೇ ದಿನ, ಸಂಜೆ

ಜಾವಗಲ್ಲಿನಿಂದ ಮಾವನಿಗೆ ಫೋನ್ ಬಂತು. ನಿಂತೇ ಕೇಳಿದರು, ಬೈಕ್ ತೆಗೆದುಕೊಂಡು ಹೋದರು. ಪಕ್ಕದ ಅಂಗಡಿಯ ಶಶಿಧರ್ ಬಂದು ಹೇಳಿದ. ಇಂದ್ರೇಶ್‌ಗೆ ಕರೆಂಟ್ ಹೊಡೆದಿದೆಯಂತೆ. ಹಾಸನಕ್ಕೆ ಒಯ್ದಿದ್ದಾರಂತೆ. ಬೋರಿನ ಬಾಯಿಯ ಹತ್ತಿರ ಕೂತು ಕೇಬಲ್ ಜಾಯಿಂಟ್ ಬಿಚ್ಚಿ ಕಟ್ಟುತ್ತಿದ್ದರಂತೆ. ಹನ್ನೊಂದೂವರೆ ಹೊತ್ತಿಗೆ.

ಅವರು ಹರಾಜಿಗೆ ಹೋಗಿರಲಿಲ್ಲ.

ಏಪ್ರಿಲ್ 12

ಉಳಿಯಲಿಲ್ಲ.

ಮಾವ ಈಗ ಬಂದರು. ಸ್ನಾನ ಮಾಡಿ ಕೂತರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ — ಇಂದ್ರೇಶ್ ಫ್ಯೂಸ್ ಕಿತ್ತಿರಲಿಲ್ಲ. ಕಿತ್ತು ಮಾಡಿ ಅಂತ ಯಾರೋ ಅಂದದ್ದಕ್ಕೆ ಜೇಬು ತಟ್ಟಿ ನಕ್ಕಿದ್ದನಂತೆ. ನನ್ನ ಫೋನು ಇಲ್ಲೈತೆ, ಇನ್ಯಾರು ಹಾಕ್ತಾರೆ ಅಂದನಂತೆ.

ಮಾವ ನನ್ನ ಕಡೆ ತಿರುಗಿದರು. “ನೀನೇನಾದ್ರೂ ಟೆಸ್ಟ್‌ಗೆ ಅಂತ ಮಾಡಿದ್ಯೇನೆ, ಆ ಡಬ್ಬಕ್ಕೆ?”

ಇಲ್ಲ ಎಂದು ತಲೆಯಾಡಿಸಿದೆ.

ಮತ್ತೆ ಕೇಳಲಿಲ್ಲ. ನಾನು ಹೇಳುವುದೇ ಅಪರೂಪ, ಹೇಳಿದರೆ ನಿಜವೇ ಇರುತ್ತದೆ ಅಂತ ಅವರಿಗೆ.

ಏಪ್ರಿಲ್ 17, ಸೋಮವಾರ

ಇಂದ್ರೇಶ್ ಕಡೆಯವರು ಡಬ್ಬ ತಂದು ಮೇಜಿನ ಮೇಲೆ ಕುಕ್ಕಿ ಹೋದರು. ಮಾವ ಎಲ್ಲ ಬಿಚ್ಚಿದರು. ನನ್ನನ್ನೂ ಕೂರಿಸಿಕೊಂಡರು. AT ಒತ್ತಿದೆ. OK. ಸಿಗ್ನಲ್ ಕೇಳಿದೆ, ಹೇಳಿತು. ಪಟ್ಟಿ ಕೇಳಿದೆ. ಒಂದು ಅಂಗಡಿ. ಎರಡು ಖಾಲಿ. ಮೂರು ಇಂದ್ರೇಶ್. ಎಲ್ಲಾ ಸರಿಯಾಗಿದೆ. ಮಾವ ಮತ್ತೆ ಮತ್ತೆ ಮಾಡಿಸಿದರು. ಎಲ್ಲಾದರೂ ERROR ಬರಲಿ ಅಂತ ಅವರಿಗೆ ಆಸೆ ಇತ್ತು.

ಬಾಣಾವರದ ಒಬ್ಬರು, ಇನ್ನೊಬ್ಬರು ತಮ್ಮ ಡಬ್ಬ ವಾಪಸ್ ತಂದಿಟ್ಟರು. ತಿಮ್ಮಣ್ಣನ ಡಬ್ಬ ತಾನಾಗೇ ಹತ್ತುತ್ತದೆ ಅಂತ ಸುದ್ದಿ. ಮಾವ ಡಬ್ಬಗಳನ್ನು ಎತ್ತಿ ಒಳಗಿಟ್ಟರು. ರಾತ್ರಿ ಮುದ್ದೆ ಮುರಿದು ಹಾಗೇ ಬಿಟ್ಟರು.

ಉಷಕ್ಕನಿಂದ RING ಇಲ್ಲ. ಪರದೆ ನೋಡಲು ಹೆದರಿಕೆ. ಆಫ್ ಮಾಡಲೂ ಹೆದರಿಕೆ.

ಏಪ್ರಿಲ್ 19, ಬುಧವಾರ, ಬೆಳಿಗ್ಗೆ

ಪೊಲೀಸರು ಮಾವನನ್ನು ಬರಹೇಳಿದ್ದಾರೆ. ಬಿಳಿ ಶರ್ಟ್ ಇಸ್ತ್ರಿ ಮಾಡಿಕೊಟ್ಟೆ. ಗುಂಡಿ ಹಾಕಿಕೊಳ್ಳುತ್ತಾ ಅಂದರು. “ನನ್ನ ಡಬ್ಬದ್ದೇ ತಪ್ಪು ಅಂತ ಬರ್ಕೊಟ್ ಬತ್ತೀನಿ. ತಾನಾಗೇ ಹತ್ತಿರ್ಬೇಕು. ಇನ್ನೇನ್ ಹೇಳ್ಲಿ? ಬೇರೆ ಕಾರಣ ಸಿಕ್ತಿಲ್ಲವಲ್ಲ.”

ಅವರು ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಪರದೆಯಲ್ಲಿ RING ಬಂತು. ಉಷಕ್ಕ. ಒಂದು ಸಲಕ್ಕೆ ನಿಲ್ಲಲಿಲ್ಲ.

ಡ್ರಾಯರ್ ತೆಗೆದೆ. ಹ್ಯಾಂಡ್‌ಸೆಟ್ ಚುಚ್ಚಿದೆ. ATA.

OK ಅಂದಿತು. ಆಮೇಲೆ ಉಸಿರು. ಆಮೇಲೆ ಅವಳ ಧ್ವನಿ, ಬಾವಿಯೊಳಗಿನಿಂದ ಬಂದ ಹಾಗೆ.

“ಎತ್ತಿದ್ಯಾ?” ಅಂದಳು. “ಈಗ ಎತ್ತಿದ್ಯಾ?”

ಹ್ಯಾಂಡ್‌ಸೆಟ್ ಕಿವಿಗೆ ಒತ್ತಿಕೊಂಡೆ. ಅವಳೇ ಹೇಳಿದಳು. ಬಾವ ಹರಾಜಿಗೆ ಹೊರಟರೆಂದು ಒಂದು ರಿಂಗ್ ಕೊಟ್ಟಿದ್ದಳು. ವಾಲ್ ತಿರುಗಿಸಲು ಬಂದು ನೋಡಿದರೆ ಅವರು ಅರ್ಧ ದಾರಿಯಿಂದ ತಿರುಗಿ ಬಂದು ಬೋರಿನ ಹತ್ತಿರ ಕೂತಿದ್ದಾರೆ, ಕೇಬಲ್ ಕೈಯಲ್ಲಿದೆ. ಯಾವ ಗಳಿಗೆಯಲ್ಲಿ ಕರೆಂಟ್ ಬಂದರೂ ನಾನು ಹಾಕಿಬಿಡುತ್ತೇನೆಂದು ಇಷ್ಟು ದಿನ ನೋಡಿ ಅವಳಿಗೆ ಗೊತ್ತು.

“ಏಳಿ ಅಂದ್ರೆ, ಮೋಟ್ರು ಹತ್ತುತ್ತೆ ಅಂತ ನಿನಗ್ಹೆಂಗ್ ಗೊತ್ತು ಅಂತ ಕೇಳೋರು. ಅದಕ್ಕೇ ಮೊದ್ಲು ನಿಂಗ್ ಮಾಡ್ದೆ. ಬೇಡ ಅನ್ನಕ್ಕೆ ಮಾಡಿದ್ದು ಕಣಮ್ಮ ಅದು. ನೀನು ಎತ್ತಲೇ ಇಲ್ಲ. ಆಮೇಲೆ ಕೂಗ್ತಾ ಓಡ್ದೆ…”

ಎಲ್ಲೋ ಕೋಳಿ ಕೂಗಿತು, ಅವಳ ಕಡೆ.

“ಯಾರಿಗೂ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಪಾಲಿಗೋಸ್ಕರ ಕೊಂದ್ಲು ಅಂತಾರೆ ನನ್ನ.”

ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅಲ್ಲಿಂದಲೇ ಕಟ್ ಆಯಿತು. NO CARRIER.

ಮಾವ ಹೊರಗೆ ಬೈಕ್ ಒದೆಯುತ್ತಿದ್ದಾರೆ. ಹತ್ತುತ್ತಿಲ್ಲ. ಅವರು ಠಾಣೆಯಲ್ಲಿ ಬರೆದುಕೊಟ್ಟರೆ ಮುಗಿಯಿತು, ಇಷ್ಟು ವರ್ಷದ ಅಂಗಡಿ. ನಾನು ಬಾಯಿ ಬಿಟ್ಟರೆ ಉಷಕ್ಕ ಮುಗಿದಳು. ಸುಮ್ಮನಿರುವುದು ನನಗೆ ಗೊತ್ತು. ಅದೊಂದೇ ಚೆನ್ನಾಗಿ ಬರುವುದು. ಅವತ್ತೂ ಸುಮ್ಮನೇ ಇದ್ದೆ.

ಕೂಗುತ್ತಿದ್ದಾರೆ. “ಮಂಜುಳಾ, ಪೆಟ್ರೋಲ್ ಬಾಟ್ಲಿ ತತ್ತಾರೆ.”

ತೆಗೆದುಕೊಂಡು ಹೋಗಬೇಕು. ಬಾಟಲಿ ಅವರ ಕೈಗೆ ಕೊಟ್ಟು, ಕೊಟ್ಟ ಕೂಡಲೇ ಒಳಗೆ ಬರದೆ, ಅಲ್ಲೇ ನಿಂತು, ಮಾವ ಅಂತ ಕರೆದು, ಅದು ನಾನು ಹಾಕಿದ್ದು ಅಂತ…