ಐದನೇ ಬಾಟಲಿ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿ. ಹೊಸ ಡಾಕ್ಟರ ಮಾತ್ರೆಗೆ ನಿನ್ನ ಮಂಡಿನೋವು ಬಗ್ಗಿತೇ?

ನಮ್ಮ ಲ್ಯಾಬಿನ ಒಂದು ಸಂಗತಿ ಹೇಳಬೇಕು. ಹೋದ ವರ್ಷ ಜನವರಿಯಲ್ಲಿ ರೈತರೊಬ್ಬರು ಒದ್ದೆ ಗೋಣಿಯಲ್ಲಿ ಒಂದೇ ಒಂದು ಬಾಳೆಕಂದು ಸುತ್ತಿಕೊಂಡು ಬಂದರು. ರೋಗ ಬಿದ್ದು ತೋಟವೆಲ್ಲ ಹೋಗಿ ಅದೊಂದು ಉಳಿದಿತ್ತಂತೆ. "ನಮ್ಮಪ್ಪ ಬೆಳೆಸಿದ ತಳಿ ಕಣಮ್ಮ, ಬೇರೆಲ್ಲೂ ಸಿಗಲ್ಲ. ಕುಲ ಉಳಿಸ್ಕೊಡಿ, ಸಾಕು" ಎಂದರು.

ಪದರ ಪದರವಾಗಿ ಬಿಡಿಸಿ, ಒಳಗಿನ ಬಿಳಿ ಮೊಳಕೆಯನ್ನು ಐದು ಚೂರು ಮಾಡಿ ಚಿಗುರಲೆಂದು ಐದು ಬಾಟಲಿಗಳಲ್ಲಿಟ್ಟೆ. ಹತ್ತೇ ದಿನದಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿಯಿತು. ಐದನೆಯದು ಕಪ್ಪಗಾಗಿತ್ತು. ಮೇಲ್ವಿಚಾರಕಿ ಮೇಡಂ, "ಇದೂ ಸತ್ತಿದೆ, ತೊಳೆಯೋಕೆ ಹಾಕ್ಬಿಡಿ" ಎಂದರು. ನನಗೆ ಕೈ ಬರಲಿಲ್ಲ. "ಇನ್ನೊಂದು ತಿಂಗಳು ಇರಲಿ ಮೇಡಂ" ಎಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಎದುರಾಡಿದ್ದು ಅದೇ ಮೊದಲು. ಅವರು ನನ್ನನ್ನೇ ನೋಡಿ, "ನಿಮ್ಮಿಷ್ಟ. ಹೋದ್ರೆ ಆ ರೈತರಿಗೆ ನೀವೇ ಹೇಳ್ಬೇಕು" ಎಂದರು.

ಕಪ್ಪಾದ ಅಂಚು ಕೆತ್ತಿ ಕೆತ್ತಿ ಹೊಸ ಬಾಟಲಿಗೆ ಬದಲಿಸುತ್ತಿದ್ದೆ. ಭಾನುವಾರವೂ ಹೋಗುತ್ತಿದ್ದೆ. ಗೇಟಿನ ಕಾವಲಿನವರು, "ಏನಮ್ಮ, ಮನೆಯವರು ಓಡಿಸಿದ್ರಾ?" ಎಂದು ತಮಾಷೆ ಮಾಡಿದರೆ ನಕ್ಕು ಒಳಗೆ ನಡೆಯುತ್ತಿದ್ದೆ. ಒಳಗೆ ಎಲ್ಲರ ಮುಖಕ್ಕೂ ಮಾಸ್ಕು. ಉಸಿರು ತಾಗಿದರೆ ಬಾಟಲಿ ಕೆಡುತ್ತದೆಂದು ಯಾರೂ ತುಟಿ ಎರಡು ಮಾಡುವುದಿಲ್ಲ. ಎಷ್ಟೋ ದಿನ, ಸಂಜೆ ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೇ ನನ್ನ ದನಿ ನನಗೆ ಕೇಳಿಸುತ್ತಿತ್ತು.

ಇಪ್ಪತ್ತಾರನೇ ದಿನ ಆ ಕಪ್ಪಿನ ಪಕ್ಕದಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ, ಹಸಿರೇ. ಆಮೇಲೆ ಒಂದು ಎರಡಾಯಿತು, ಎರಡು ಆರಾಯಿತು. ಬೇರು ಬಿಟ್ಟವನ್ನೆಲ್ಲ ಬಾಟಲಿಯಿಂದ ತೆಗೆದು ನೆರಳುಮನೆಯಲ್ಲಿ ಮಣ್ಣಿಗೆ ಹಾಕಿ ಬೆಳೆಸಿದೆ. ನಿನ್ನೆ ಆ ರೈತರು ಹೆಂಡತಿಯನ್ನೂ ಕರೆದುಕೊಂಡು ಬಂದು ಮುನ್ನೂರು ಸಸಿ ವ್ಯಾನಿಗೆ ಹೇರಿಸಿಕೊಂಡರು. ಆಕೆ ನನ್ನ ಕೈ ಹಿಡಿದು, "ಗೊನೆ ಬಂದಾಗ ನಿಮ್ಮ ಯಜಮಾನ್ರನ್ನೂ ಕರ್ಕೊಂಡು ಬರ್ಬೇಕು" ಎಂದರು. ಹೂಂ ಎಂದೆ. ವ್ಯಾನು ಹೋದ ಮೇಲೆ ಅಭ್ಯಾಸಬಲದಿಂದ ನೀರು ಹಾಕಲು ನೆರಳುಮನೆಗೆ ಹೋದೆ, ಬೆಂಚುಗಳೆಲ್ಲ ಬರಿದಾಗಿದ್ದವು.

ಮಕ್ಕಳಿಬ್ಬರಿಗೂ ಒಳ್ಳೆಯದಾಗಲಿ. ಭಾವನಿಗೆ ನಮಸ್ಕಾರ.

ನಿನ್ನ,
ಸಣ್ಣಿ

ತಾ.ಕ.: ಮೂರು ಕಾಗದದಲ್ಲೂ ಇವರು ಹೇಗಿದ್ದಾರೆಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ ಅಕ್ಕ. ಆ ಕಂದು ಬರುವ ಹಿಂದಿನ ವಾರವೇ ಬಟ್ಟೆ ತುಂಬಿಕೊಂಡು ಹೊರಟುಹೋದರು. ಇನ್ನೊಬ್ಬಳ ಜೊತೆ ಇದ್ದಾರಂತೆ. ನೀನೇ ಓಡಾಡಿ ಕೂಡಿಸಿದ ಸಂಬಂಧ, ನಿನ್ನ ಮನಸ್ಸು ನೊಂದೀತೆಂದು ಬರೆಯಲಿಲ್ಲ. ಬಾಗಿಲಲ್ಲಿ ಅವರು ಸ್ವಲ್ಪ ಹೊತ್ತು ನಿಂತರು. ಇರಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಿನಗಾದರೂ ಹೇಳುತ್ತಿದ್ದೇನೆ: ಬಂದು ನಾಲ್ಕು ದಿನ ನನ್ನ ಜೊತೆ ಇರು.