ಮೂರನೇ ಕಂಬದ ಎದುರು

ಆಂಟಿರಿಯೊ
ಜನವರಿ 18, 2004

ಪ್ರೀತಿಯ ಸ್ಟಾಥಿಸ್,

ಹೊಸ ವರ್ಷ ಬಂದು ಹಳೆಯದೂ ಆಯಿತು, ಈಗ ಶುಭಾಶಯ ಹೇಳುತ್ತಿದ್ದೇನೆ. ಬೈಯಬೇಡ. ಮೊದಲೇ ಬರೆಯಲು ಕೂತಿದ್ದೆ. ಬರೆದದ್ದೆಲ್ಲ ಜಗಳವಾಗಿ ಹೊರಟಿತು, ಹರಿದು ಹಾಕಿದೆ. ಸಲಾಮಿನಾದಲ್ಲಿ ಚಳಿ ಹೇಗಿದೆ? ಬೇರೆಯವರ ಫೆರಿ ನಡೆಸುವುದು ರೂಢಿಯಾಯಿತೇ? ನಿನ್ನ ಉಣ್ಣೆಯ ಅಂಗಿ ಇಲ್ಲೇ ಉಳಿದಿದೆ. ಕಳಿಸೋಣವೆಂದು ತೆಗೆಯುತ್ತೇನೆ, ಮತ್ತೆ ಮಡಿಸಿ ಇಡುತ್ತೇನೆ.

ಅತ್ತೆ ಗಟ್ಟಿಯಾಗಿದ್ದಾರೆ. ಹೊಸ ವರ್ಷದ ಕೇಕನ್ನು ಈ ಸಲವೂ ಅವರೇ ಮಾಡಿ, ನಾಣ್ಯ ಅಡಗಿಸಿಟ್ಟು, ಅವರೇ ಕತ್ತರಿಸಿದರು. ಕ್ರಿಸ್ತನಿಗೊಂದು ಚೂರು, ಮನೆಗೊಂದು, ಸಮುದ್ರದ ಮೇಲಿರುವವನಿಗೊಂದು.

“ಅವನು ನಮ್ಮ ಸಮುದ್ರದಲ್ಲೇ ಇಲ್ವಲ್ಲ, ಅತ್ತೆ,” ಎಂದೆ.

“ಎಲ್ಲಾ ಒಂದೇ ನೀರು. ನೀನು ಸುಮ್ನೆ ತಟ್ಟೆ ಹಿಡಿ.”

ನಾಣ್ಯ ನಿನ್ನ ಚೂರಿನಲ್ಲೇ ಸಿಕ್ಕಿತು. “ನೋಡು, ಮನೆ ಬಿಟ್ಟೋದೋನಿಗೇ ಅದೃಷ್ಟ!” ಎಂದು ಗೊಣಗಿ ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಇನ್ನು ನಾವು ಕಟ್ಟುತ್ತಿರುವ ಸೇತುವೆಯ ಸುದ್ದಿ. ನಿನಗೆ ಬೇಡವಾದದ್ದು ಅಂತ ಗೊತ್ತು. ಆದರೆ ನನ್ನ ಹತ್ತಿರ ಬೇರೆ ಸುದ್ದಿಯೇ ಇಲ್ಲ.

ಮಂಗಳವಾರ ಮಧ್ಯಾಹ್ನ ಭೂಮಿ ನಡುಗಿತು. ಊರಿನಲ್ಲಿ ಕಿಟಕಿಗಳಷ್ಟೇ ಗಲಗಲ ಅಂದವಂತೆ. ನಾನು ಮಾತ್ರ ಮೂರನೇ ಕಂಬದಿಂದ ಸಮುದ್ರದ ಮೇಲೆ ಚಾಚಿರುವ ರಸ್ತೆಯ ತುದಿಯಲ್ಲಿದ್ದೆ. ಕೇಬಲ್‌ಗಳಿಗೆ ಜೋತ ಆ ರಸ್ತೆ ತೊಟ್ಟಿಲಿನ ಹಾಗೆ ತೂಗಿತು. ಮೊದಲು ಜೀವ ಬಾಯಿಗೆ ಬಂತು. ತೂಗಾಟ ನಿಂತ ಮೇಲೆ, ನಂಬುತ್ತೀಯೋ ಇಲ್ಲವೋ, ಜೋರಾಗಿ ನಕ್ಕುಬಿಟ್ಟೆ. ಹೇಗೆ ತೂಗಬೇಕೆಂದು ನಾವು ಲೆಕ್ಕ ಹಾಕಿದ್ದೆವೋ ಹಾಗೇ ತೂಗಿತ್ತು. ಕೆಳಗಿಳಿದು ಅಳೆದರೆ ಕಂಬ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ನಿನಗೆ ನೆನಪಿದೆಯಾ, ಈ ಜಲಸಂಧಿಯಲ್ಲಿ ಎಷ್ಟು ಕೊರೆದರೂ ಬಂಡೆ ಸಿಗಲಿಲ್ಲ, ಬರೀ ಕೆಸರು. ಅದಕ್ಕೇ ತಳವನ್ನು ಉಕ್ಕಿನ ಕೊಳವೆಗಳಿಂದ ಬಿಗಿಮಾಡಿ, ಜಲ್ಲಿ ಹರಡಿ, ಕಂಬವನ್ನು ಅದರ ಮೇಲೆ ಕೂರಿಸಿದ್ದೇವೆ ಎಂದು ಹೇಳಿದ್ದೆ. “ಇಷ್ಟು ದುಡ್ಡು ಸುರಿದು, ಮೊಳೆನೂ ಹೊಡೀದೆ ಸುಮ್ನೆ ಇಟ್ಟುಬಿಟ್ರಾ?” ಅಂತ ನೀನು ಕಾಫಿ ಚೆಲ್ಲುವಷ್ಟು ನಕ್ಕಿದ್ದೆ. ಹೌದು ಮಾರಾಯ, ಸುಮ್ಮನೆ ಇಟ್ಟಿದ್ದೇವೆ. ಬಿಗಿದು ಕಟ್ಟಿದರೆ ದೊಡ್ಡ ಭೂಕಂಪಕ್ಕೆ ಮುರಿಯುತ್ತದೆ. ಸರಿಯಲು ಜಾಗ ಕೊಟ್ಟರೆ ಒಂದಿಷ್ಟು ಸರಿದು ಅಲ್ಲೇ ನಿಲ್ಲುತ್ತದೆ. ಎರಡು ದಡಗಳು ವರ್ಷವರ್ಷಕ್ಕೂ ಚೂರುಚೂರೇ ದೂರವಾಗುತ್ತಿವೆ, ಅದಕ್ಕೂ ಜಾಗ ಬಿಟ್ಟಿದ್ದೇವೆ ಎಂದಾಗ ನೀನು ಹೇಳಿದ್ದು: “ಹಾಗಾದ್ರೆ ನನ್ನ ಫೆರಿ ಟಿಕೆಟ್ ದರ ಏರಿಸಬೇಕು ಕಣೇ!”

ಆಗ ಇಬ್ಬರೂ ನಗುತ್ತಿದ್ದೆವು. ಸೇತುವೆ ಮುಗಿದರೆ ಫೆರಿ ಹತ್ತುವವರು ಯಾರು ಎಂಬ ಮಾತು ಫೆರಿ ನಿಲ್ಲುವ ದಕ್ಕೆಯಲ್ಲಿ ಶುರುವಾದ ಮೇಲೆ ನಿನ್ನ ನಗು ನಿಂತಿತು. “ನನ್ನ ಹೊಟ್ಟೆ ಮೇಲೆ ಹೊಡಿಯೋಕೆ ನನ್ನ ಹೆಂಡ್ತಿಗೇ ಸಂಬಳ!” ಅಂದೆ ನೀನು. ಆದರೂ ಫೆರಿ ಮಾರುವ ದಿನದವರೆಗೂ ನನ್ನ ಕಂಬದ ಎದುರು ಬಂದಾಗ ಎರಡು ಸಲ ಹಾರನ್ ಹೊಡೆಯದೆ ನೀನು ಮುಂದೆ ಹೋದವನಲ್ಲ. ನಮ್ಮ ಮೇಸ್ತ್ರಿ ಲಂಬ್ರೋಸ್, “ಹೋಗಿ ಮೇಡಂ, ಯಜಮಾನ್ರು ಕರೀತಿದಾರೆ,” ಎಂದು ಎಲ್ಲರ ಮುಂದೆ ರೇಗಿಸುತ್ತಿದ್ದ.

ಮಂಗಳವಾರ ನಡುಕ ನಿಂತ ಕೂಡಲೇ ಎಲ್ಲರೂ ಮನೆಗೆ ಫೋನ್ ಮಾಡಿದರು. ನಾನೂ ಅತ್ತೆಗೆ ಮಾಡಿದೆ. ಆಮೇಲೆ ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಹೆದರಿದ್ದನ್ನು, ನಕ್ಕಿದ್ದನ್ನು ನಿನಗೇ ಹೇಳಬೇಕಿತ್ತು. ಲಂಬ್ರೋಸ್‌ಗೆ ಹೇಳಿದೆ. ಪಾಪ, ತಲೆಯಾಡಿಸಿದ.

ವಸಂತದಲ್ಲಿ ಎರಡೂ ಕಡೆಯ ರಸ್ತೆ ಕೂಡುತ್ತದೆ. ಗಾಡಿಗಳನ್ನು ಬಿಡುವ ಮೊದಲು ನಾವೆಲ್ಲ ಮನೆಯವರನ್ನು ಕರೆದುಕೊಂಡು ನಡೆದು ದಾಟುವುದೆಂದು ಮಾತಾಗಿದೆ. ನಿನ್ನ ಹೆಸರು ಕೊಟ್ಟಿದ್ದೇನೆ. ಸೇತುವೆಯನ್ನು ಹೊಗಳಬೇಕಿಲ್ಲ. ದಾರಿಯುದ್ದಕ್ಕೂ ಬೈದುಕೊಂಡು ಬಂದರೂ ಸರಿ, ಬಾ.

ಸಂತ ನಿಕೊಲಾಸ್ ನಿನ್ನ ಚುಕ್ಕಾಣಿ ಕಾಯಲಿ. ಹೊಟ್ಟೆತುಂಬ ಊಟ ಮಾಡು.

ನಿನ್ನ,
ಕಲ್ಲಿರೋಯಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನೀನು ಮಾರಿದ ಮೇಲೆ ದುರಸ್ತಿಗೆ ಹೋಗಿದ್ದ ನಿನ್ನ ಫೆರಿ ‘ಪೆಲಾಗಿಯಾ’ ಹಬ್ಬ ಕಳೆದ ಮೇಲೆ ಮತ್ತೆ ನೀರಿಗಿಳಿಯಿತು. ಮೊದಲ ದಿನವೇ ಮೂರನೇ ಕಂಬದ ಎದುರು ಎರಡು ಸಲ ಹಾರನ್. ನಾನು ಹೆಲ್ಮೆಟ್ ಕೂಡ ಇಲ್ಲದೆ ಓಡಿಹೋಗಿ ಎರಡೂ ಕೈ ಬೀಸಿದೆ. ಚುಕ್ಕಾಣಿ ಕೋಣೆಯಿಂದ ಒಂದು ಕೈ ಬೀಸಿತು. ಮುಖ ನೋಡಿದರೆ ಗಡ್ಡದವನು ಯಾರೋ. ಸಂಜೆ ದಕ್ಕೆಯಲ್ಲಿ ಆ ಹೊಸ ಕ್ಯಾಪ್ಟನ್ ಸಿಕ್ಕ. “ಇಲ್ಲಿ ಎರಡು ಹೊಡೀಬೇಕು ಅಂತ ಹಳೇ ಕೆಲಸದೋರು ಹೇಳಿದ್ರು, ಮೇಡಂ. ಸೇತುವೆಯವರ ನಿಯಮ ಅಂದ್ಕೊಂಡೆ. ತಪ್ಪಾಯ್ತಾ?” ಎಂದು ಕೇಳಿದ. ಹೌದು, ನಿಯಮವೇ, ತಪ್ಪದೆ ಪಾಲಿಸಿ ಅಂದುಬಿಟ್ಟೆ. ಪಾಪ, ತಪ್ಪದೆ ಪಾಲಿಸುತ್ತಿದ್ದಾನೆ. ದಿನಾ ಹಾರನ್ ಕೇಳಿದ ಕೂಡಲೇ ಓಡುತ್ತೇನೆ, ಸ್ಟಾಥಿಸ್, ಅದು ನೀನಲ್ಲ ಎಂದು ಗೊತ್ತಿದ್ದೂ.