ಸೊಸೆಗೆ ಹೇಳಿ ಕಳಿಸಿದ ಮಾತು

ಸುರಪುರ
11 ಫೆಬ್ರುವರಿ 2025

ಪ್ರವೀಣಕುಮಾರ ಅವರಿಗೆ,

ಜೈಭೀಮ್. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ತಿಳಿದಿರುತ್ತದೆ. ಹರಿದು ಹಾಕಬೇಡಿ. ಇದರಲ್ಲಿ ಇರುವುದು ಅತ್ತೆಯವರ ವಿಷಯ. ಫೋನು ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದರೆ ನೀವು ಸುಮ್ಮನಾಗುತ್ತೀರಿ, ನೀವು ಸುಮ್ಮನಾದರೆ ನನಗೆ ಸಿಟ್ಟು ಬರುತ್ತದೆ.

ಅಪ್ಪ ತೀರಿಕೊಂಡ ಮೇಲೆ ನಾನು ವಿಶ್ವವಿದ್ಯಾಲಯ ಸೇರಿದ್ದು ನಿಮ್ಮ ತಂಗಿ ಶಿವಾನಿಯಿಂದ ಗೊತ್ತಾಗಿರಬಹುದು. ವೃದ್ಧಾಪ್ಯ ಅಧ್ಯಯನದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಲಕ್ವಾ ಹೊಡೆದ ಅಪ್ಪನನ್ನು ತವರೂರು ಮುದನಾಳದಲ್ಲಿ ವರ್ಷಗಟ್ಟಲೆ ನೋಡಿಕೊಂಡವಳಿಗೆ ಬೇರೆ ಯಾವ ಕೆಲಸ ಬರುತ್ತಿತ್ತು? ಇದನ್ನಾದರೂ ನೆಟ್ಟಗೆ ಕಲಿಯೋಣ ಅನ್ನಿಸಿತು. ಈ ಚಳಿಗಾಲದಲ್ಲಿ ತರಬೇತಿಗೆಂದು ಸುರಪುರದ ಒಂದು ಹಿರಿಯರ ಹಗಲು ಕೇಂದ್ರಕ್ಕೆ ಹಾಕಿದರು.

ಹೋದ ತಿಂಗಳು ಶಿವಾನಿ ಒಬ್ಬ ಮುದುಕಿಯ ಕೈಹಿಡಿದು ಒಳಗೆ ಬಂದಳು. ಅತ್ತೆಯವರೆಂದು ಗುರುತು ಹಿಡಿಯಲು ನನಗೂ ಕೊಂಚ ಹೊತ್ತು ಬೇಕಾಯಿತು. ಅಷ್ಟು ಸಣ್ಣಗಾಗಿದ್ದರು. ಅತ್ತಿಗೆಯೆನ್ನುವುದನ್ನು ಇನ್ನೂ ಬಿಡದ ಶಿವಾನಿ ನನ್ನನ್ನು ಬದಿಗೆ ಕರೆದು ಹೇಳಿದಳು: “ವೈನಿ, ಅವ್ವಗ ಈಗ ಮಂದಿ ಗುರ್ತು ಸಿಗಂಗಿಲ್ಲ. ಅಣ್ಣ ಆಫೀಸಿಗಿ ಹೋಗೂ ಮುಂದ ಹೊರಗಿಂದ ಕೀಲಿ ಹಾಕತಿದ್ದ. ನೋಡಲಾರದ ನಮ್ಮ ಮನಿಗಿ ಕರಕೊಂಡು ಬಂದೀನಿ.”

ಅತ್ತೆ ನನ್ನ ಮುಖವನ್ನೇ ನೋಡಿದರು. “ಡಾಕ್ಟರ್ ಏನವ್ವಾ ನೀ?” ಎಂದರು. ನಾನು ಹೂಂ ಅಂದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಕೂಡಿಸಿಕೊಂಡು ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ತಾವಾಗಿಯೇ ಮಾತು ತೆಗೆದರು.

“ನನಗ ಒಬ್ಬಾಕಿ ಸೊಸಿ ಇದ್ಳವ್ವಾ. ಆಕಿ ಅಪ್ಪಗ ಲಕ್ವಾ ಹೊಡೀತು. ಇಲ್ಲೇ ಕರಕೊಂಡು ಬರ್ತೀನಿ ಅಂದ್ಳು. ನಾ ಬಾಗಿಲದಾಗ ನಿಂತು ಬ್ಯಾಡಂದೆ.”

ನನ್ನ ಕೈ ನಿಂತಿತು. ಈ ಒಂದು ಪ್ರಶ್ನೆಯನ್ನು ಎಷ್ಟೋ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ; ಈಗ ಕೇಳಿದೆ. “ಯಾಕ ಬ್ಯಾಡಂದ್ರಿ?”

“ಅಂಜಿಕಿ ಬಂತವ್ವಾ. ಆಕಿ ಕೈಯಾಗಿನ ಕಸುವೆಲ್ಲ ಅಪ್ಪಗೇ ಹೋದ್ರ, ನಾಳಿ ನಾ ಬಿದ್ರ ನನಗ್ಯಾರು ನೋಡ್ತಾರ ಅಂತ.” ಆಮೇಲೆ ನನ್ನ ಕಡೆ ತಿರುಗಿ, “ಎಲ್ಲ್ಯಾರ ಸಿಕ್ರ ಹೇಳವ್ವಾ, ಮುದುಕಿ ತಪ್ಪು ಮಾಡ್ಯಾಳ, ಬಾ ಅಂದಾಳ ಅಂತ” ಎಂದರು.

ಅತ್ತೆಯವರೂ ನೀವೂ ಇಬ್ಬರೂ ಕಲ್ಲೆದೆಯವರು ಎಂದು ನಂಬಿಯೇ ನಾನು ನಾರಾಯಣಪುರದ ನಿಮ್ಮ ಕ್ವಾರ್ಟರ್ಸ್ ಬಿಟ್ಟು ಬಂದದ್ದು, ತಿರುಗಿ ನೋಡದೆ ಇದ್ದದ್ದು. ಅಲ್ಲಿ ಇದ್ದದ್ದು ಬರೀ ಹೆದರಿಕೆ. ಅಂದೇ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಇಬ್ಬರನ್ನೂ ನೋಡಿಕೊಳ್ಳುವಷ್ಟು ಕಸುವು ನನ್ನಲ್ಲಿತ್ತು.

ಮುಂದೆ ಬಂದು ಅವರ ಮೊಣಕಾಲು ಹಿಡಿದುಕೊಂಡೆ. “ಅತ್ತಿ, ನಾನೇ ಪರಿಮಳಾ. ಬಂದೀನಿ ನೋಡ್ರಿ” ಅಂದೆ.

ಅವರು ನಕ್ಕುಬಿಟ್ಟರು. “ಹೋಗವ್ವಾ, ಆಕಿ ಎಳೇ ಹುಡುಗಿ. ನಿನ್ನ ತಲಿ ನೋಡು, ಎಲ್ಲಾ ಬೆಳ್ಳಗಾಗ್ಯಾದ.”

ಇನ್ನೊಮ್ಮೆ ಹೇಳಿದೆ. ಈ ಸಲ ಹೆದರಿ, ಕೈ ಕೊಡವಿಕೊಂಡು ಶಿವಾನಿಯನ್ನು ಕೂಗಿದರು. ಒತ್ತಾಯ ಮಾಡಬಾರದೆಂದು ಓದಿದವಳು ನಾನೇ, ಒತ್ತಾಯ ಮಾಡಿದವಳೂ ನಾನೇ. ಇಷ್ಟು ಕಾಲ ಬಯಸಿದ ಮಾತು ನನ್ನ ಕಿವಿಗೇ ಬಿತ್ತು; ಬಿತ್ತೆಂದು ಅವರಿಗೆ ತಿಳಿಸುವ ದಾರಿ ಉಳಿದಿರಲಿಲ್ಲ.

ಶುಕ್ರವಾರ ನೀವು ಅವರನ್ನು ಮರಳಿ ನಾರಾಯಣಪುರಕ್ಕೆ ಕರೆದೊಯ್ಯಲು ಬಂದಾಗ ನಾನು ಕೇಂದ್ರದ ಅಡುಗೆಮನೆಯಲ್ಲಿದ್ದೆ. ಕಿಟಕಿಯಿಂದ ನೋಡಿದೆ. ನೀವು ಬಗ್ಗಿ ಅವರಿಗೆ ಚಪ್ಪಲಿ ಹಾಕುತ್ತಿದ್ದಿರಿ. “ಕಳ್ಳ ಬಂದಾನ, ನನ್ನ ಒಯ್ಯಾಕತ್ತಾನ” ಎಂದು ಅವರು ನಿಮ್ಮ ಕೆನ್ನೆಗೆ ಹೊಡೆದರು. ನೀವು ಎಲ್ಲರೆದುರು ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡಿರಿ. ಹೊರಗೆ ಬರಬೇಕಿತ್ತು ನಾನು. ಬರಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅವ್ವ ನಿಮ್ಮನ್ನು ಕಳ್ಳ ಅನ್ನುವುದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಅವರ ನೆನಪಿನಲ್ಲಿರುವ ಮಗ ಇನ್ನೂ ಹುಡುಗ. ಎದುರಿಗೆ ನಿಂತ ಗಂಡಸು ಯಾರೆಂದು ಅವರಿಗೆ ತಿಳಿಯದು. ವಾದ ಮಾಡಬೇಡಿ. ಮನೆಗೆ ಹೋಗಬೇಕೆಂದು ಹಟ ಹಿಡಿದರೆ ಜೊತೆಗೆ ಕಾಲುವೆಯ ಕಡೆ ನಾಲ್ಕು ಹೆಜ್ಜೆ ನಡೆದು, ಮನೆ ಬಂತು ನೋಡು ಎಂದು ತಿರುಗಿ ಕರೆತನ್ನಿ. ಹೊರಗಿಂದ ಕೀಲಿ ಮಾತ್ರ ಹಾಕಬೇಡಿ. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಸಿಗುತ್ತಾರೇನೋ ಅಲ್ಲೇ ವಿಚಾರಿಸಿ. ನಿಮಗೂ ನಿದ್ದೆ ಇಲ್ಲವೆಂದು ಕಣ್ಣೇ ಹೇಳುತ್ತಿತ್ತು. ಊಟ ಬಿಡಬೇಡಿ.

ಇಷ್ಟೇ. ವಿದ್ಯಾರ್ಥಿನಿಯಾಗಿ ಹೇಳಬೇಕಾದದ್ದನ್ನು ಹೇಳಿದ್ದೇನೆ.

ಇಂತಿ,
ಪರಿಮಳಾ

ತಾ.ಕ.: ವಿದ್ಯಾರ್ಥಿನಿಯಾಗಿ ಎಂದದ್ದು ಸುಳ್ಳು. ಭಾನುವಾರ ಬೆಳಗಿನ ಬಸ್ಸಿಗೆ ನಾರಾಯಣಪುರಕ್ಕೆ ಬರುತ್ತಿದ್ದೇನೆ. ನೀವು ಬೇಡವೆಂದರೆ ಅದೇ ಬಸ್ಸಿಗೆ ಹಿಂದಿರುಗುತ್ತೇನೆ. ಇರು ಎಂದರೆ, ಅತ್ತೆಯವರ ಎದುರು ಮಾತ್ರ ನನ್ನನ್ನು ಪರಿಮಳಾ ಎಂದು ಕರೆಯಬೇಡಿ. ಅವರು ಆ ಹುಡುಗಿಯ ದಾರಿ ಕಾಯುತ್ತಿದ್ದಾರೆ. ಕಾಯಲಿ.